ದೋಣಿ ಹೊರಡದಿದ್ದರೂ ಕೆಡದಂಥ ಪ್ರವಾಸ ನಮ್ಮದಾಗಲಿ

ರಾಜ್ಯೋತ್ಸವದ ಕಾರ್ಯಕ್ರಮ ಮುಗಿದು ಲೆಕ್ಕಪತ್ರ ಒಪ್ಪಿಸುವ ಹೊತ್ತಿಗೆ ಹೊರನಾಡಿನ ಕನ್ನಡ ಸಂಘಗಳಲ್ಲಿ ಮುಂದಿನ ಚರ್ಚೆ ಶುರುವಾಗುತ್ತದೆ: ಈ ಸಲ ಪ್ರವಾಸ ಎಲ್ಲಿಗೆ? ವಿಶಾಖಪಟ್ಟಣದ ನಮಗೆ ಅರಕು, ಬೊರ್ರಾ ಗುಹೆ, ಸಿಂಹಾಚಲ, ಅನ್ನವರಂ ಎಲ್ಲ ಆಗಿಹೋಗಿವೆ. ವಿಜಯವಾಡದ ಬಾಂಧವರಿಗೆ ಅಮರಾವತಿ, ಮಂಗಳಗಿರಿ, ಶ್ರೀಶೈಲ, ನಾಗಾರ್ಜುನಸಾಗರ ಆಗಿಹೋಗಿವೆ. ಈ ಬಾರಿ ಎರಡೂ ಊರಿನವರು ಒಟ್ಟಾಗಿ ಹೋಗೋಣ ಎಂಬ ಮಾತು ಬಂದಿದೆ. ಯುವ ಸದಸ್ಯರು ಒಂದೇ ದನಿಯಲ್ಲಿ ಕೇಳಿರುವುದು ಸ್ನಾರ್ಕೆಲಿಂಗ್. ಬೆಳಿಗ್ಗೆ ದೋಣಿ ಹತ್ತಿ ದ್ವೀಪಕ್ಕೆ ಹೋಗಿ, ನೀರಿನೊಳಗೆ ಮುಖವಿಟ್ಟು ಹವಳ, ಮೀನುಗಳನ್ನು ನೋಡಿ, ಸಂಜೆಗೆ ದಡ ಸೇರಬೇಕು ಎಂಬುದು ಅವರ ಆಸೆ.

ಆಸೆ ತಪ್ಪಲ್ಲ. ಆದರೆ ಯಾವ ದ್ವೀಪ ಎಂಬಲ್ಲಿ ಒಮ್ಮತವಿಲ್ಲ. ಕೆಲವರು ಅಂಡಮಾನ್ ಎನ್ನುತ್ತಾರೆ. ಕೆಲವರು ನಮ್ಮ ಉತ್ತರ ಕನ್ನಡದ ನೇತ್ರಾಣಿ ಎನ್ನುತ್ತಾರೆ. ವಿಜಯವಾಡದ ಹಿರಿಯರೊಬ್ಬರು "ಮನೆ ಮುಂದೆಯೇ ಕೃಷ್ಣೆಯಲ್ಲಿ ಭವಾನಿ ದ್ವೀಪ ಇರುವಾಗ ಅಷ್ಟು ದೂರ ಏಕೆ?" ಎಂದು ಕೇಳಿದ್ದಾರೆ. ನಮ್ಮ ಮಹಿಳಾ ವಿಭಾಗದ ಹಿರಿಯ ಸದಸ್ಯೆಯೊಬ್ಬರು ಇನ್ನೂ ಮುಖ್ಯವಾದ ಪ್ರಶ್ನೆ ಕೇಳಿದರು: "ನನಗೆ ಈಜು ಬಾರದು. ನಾನು ಬಂದು ಏನು ಮಾಡಲಿ? ಚೀಲ ಕಾಯಲೇ?"

ಈ ಎಲ್ಲರ ಮಾತನ್ನೂ ಮುಂದಿಟ್ಟುಕೊಂಡು ನನ್ನ ಅಭಿಪ್ರಾಯ ಹೇಳುತ್ತೇನೆ. ಯಾವ ದ್ವೀಪ ಹೆಚ್ಚು ಸುಂದರ ಎಂಬುದು ಎರಡನೆಯ ಪ್ರಶ್ನೆ. ಆ ದಿನ ಬೆಳಿಗ್ಗೆ ಸಮುದ್ರ ಕೆಟ್ಟಿದ್ದು ದೋಣಿ ಹೊರಡದಿದ್ದರೆ ನಮ್ಮ ಪ್ರವಾಸ ಕೆಡುತ್ತದೆಯೇ, ಉಳಿಯುತ್ತದೆಯೇ ಎಂಬುದು ಮೊದಲನೆಯ ಪ್ರಶ್ನೆ. ದೋಣಿ ಹೋಗದಿದ್ದರೂ ಕೆಡದಂಥ ಜಾಗವನ್ನೇ ಸಂಘ ಆರಿಸಬೇಕು. ಕಾರಣಗಳನ್ನು ಮುಂದೆ ವಿವರಿಸುತ್ತೇನೆ.

ಸ್ನಾರ್ಕೆಲಿಂಗ್‌ಗೆ ಬೇಕಾದುದೇನು?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯುವುದು ಸ್ಕೂಬಾ. ಸ್ನಾರ್ಕೆಲಿಂಗ್ ಹಾಗಲ್ಲ. ಕಣ್ಣು, ಮೂಗು ಮುಚ್ಚುವ ಮಾಸ್ಕ್ ಹಾಕಿಕೊಂಡು, ಬಾಯಲ್ಲಿ ಒಂದು ಕೊಳವೆ ಕಚ್ಚಿಕೊಂಡು, ನೀರಿನ ಮೇಲೆಯೇ ಬೋರಲಾಗಿ ತೇಲುತ್ತಾ ಕೆಳಗೆ ನೋಡುವುದು. ಲೈಫ್ ಜಾಕೆಟ್ ತೊಟ್ಟು, ತರಬೇತುದಾರರ ಕೈ ಹಿಡಿದು, ಈಜು ಬಾರದವರೂ ಇದನ್ನು ಮಾಡಬಹುದು.

ಮೇಲಿನಿಂದಲೇ ನೋಡುವುದರಿಂದ ನೀರು ತಿಳಿಯಾಗಿರಬೇಕು, ಅಲೆ ಸಣ್ಣದಿರಬೇಕು, ನೋಡುವ ಹವಳವೋ ಬಂಡೆಯೋ ಹೆಚ್ಚು ಆಳದಲ್ಲಿ ಇರಬಾರದು. ಈ ಮೂರೂ ಕೂಡಿಬರದಿದ್ದರೆ ಖರ್ಚು ಮಾಡಿ ಉಪ್ಪುನೀರು ಕುಡಿದು ಬಂದಂತಾಗುತ್ತದೆ.

ನಮ್ಮ ಕರಾವಳಿಯಲ್ಲಿ ಏಕಾಗದು?

ವಿಶಾಖಪಟ್ಟಣದಂಥ ಸಮುದ್ರದ ಊರಿನಲ್ಲಿದ್ದು ಸಮುದ್ರ ನೋಡಲು ಬೇರೆಡೆ ಹೋಗಬೇಕೇ ಎಂದು ಕೇಳುವವರಿದ್ದಾರೆ. ಮಹಾನದಿ, ಗೋದಾವರಿ, ಕೃಷ್ಣೆಯಂಥ ದೊಡ್ಡ ನದಿಗಳು ಹೊತ್ತು ತರುವ ಹೂಳು ಬಂಗಾಳ ಕೊಲ್ಲಿಯ ಈ ದಡದ ನೀರನ್ನು ಕಲಕುತ್ತಲೇ ಇರುತ್ತದೆ. ಹವಳ ದಟ್ಟವಾಗಿ ಬೆಳೆಯಲು ಬಿಸಿಲು ತಳ ಮುಟ್ಟುವಂಥ ತಿಳಿನೀರು ಬೇಕು. ಆದ್ದರಿಂದ ನಮ್ಮ ಕರಾವಳಿಯಲ್ಲಿ ಅಂಡಮಾನ್‌ನಲ್ಲಿ ಇರುವಂಥ ಹವಳದ ದಿಬ್ಬಗಳಿಲ್ಲ. ಋಷಿಕೊಂಡ, ಚಿಂತಪಲ್ಲಿಗಳಲ್ಲಿ ಸ್ಕೂಬಾ ಕಲಿಸುವವರಿದ್ದಾರೆ, ಆಸಕ್ತರು ಹೋಗಬಹುದು. ಆದರೆ ಅದು ಆಳಕ್ಕಿಳಿಯುವವರ ಆಟ, ಮೇಲೆ ತೇಲಿ ನೋಡುವವರದಲ್ಲ. ರಾಮಕೃಷ್ಣ ಬೀಚ್, ಯಾರಾಡ ಕಡಲತೀರಗಳಲ್ಲಿ ಒಳಕ್ಕೆಳೆಯುವ ನೀರಿನ ಸೆಳೆತ ಎಷ್ಟು ಜೀವ ತೆಗೆದಿದೆ ಎಂಬುದನ್ನು ಈ ಊರಿನವರಿಗೆ ಹೇಳಬೇಕಿಲ್ಲ.

ಕಾಕಿನಾಡದ ಎದುರಿನ ಹೋಪ್ ದ್ವೀಪದ ಹೆಸರನ್ನೂ ಒಬ್ಬರು ಎತ್ತಿದರು. ಅದು ಗೋದಾವರಿಯ ಹೂಳಿನಿಂದಲೇ ರೂಪುಗೊಂಡ ಮರಳಿನ ದಿಬ್ಬ. ಕಡಲಾಮೆ ಮೊಟ್ಟೆಯಿಡಲು ಬರುವ ಜಾಗ, ನೋಡಲು ಚೆನ್ನ. ಹೂಳಿನಿಂದ ಹುಟ್ಟಿದ ದ್ವೀಪದ ಸುತ್ತ ತಿಳಿನೀರು ಹುಡುಕುವುದು ಮಾತ್ರ ವ್ಯರ್ಥ.

ಇನ್ನು ವಿಜಯವಾಡದ ಭವಾನಿ ದ್ವೀಪ. ಪ್ರಕಾಶಂ ಬ್ಯಾರೇಜ್‌ನ ಮೇಲ್ಭಾಗದಲ್ಲಿ 130 ಎಕರೆಗೂ ಹೆಚ್ಚು ವಿಸ್ತಾರವಿರುವ ಈ ನದಿ ದ್ವೀಪ ಮರಗಿಡ, ನೆರಳು, ಮಕ್ಕಳ ಆಟಕ್ಕೆ ಒಳ್ಳೆಯದು. ಪುನ್ನಮಿ ಘಾಟ್‌ನಿಂದ ಸ್ವಲ್ಪ ಹೊತ್ತಿನ ದೋಣಿ ಪ್ರಯಾಣ. ಸ್ನಾರ್ಕೆಲಿಂಗ್ ಅಲ್ಲಿ ಸಾಧ್ಯವಿಲ್ಲ. ಆದರೂ ಹಿರಿಯರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಅಂಡಮಾನ್: ಚೆಂದ ನಿಜ, ಆದರೆ...

ಹವಳ ನೋಡುವುದೊಂದೇ ಲೆಕ್ಕವಾದರೆ ಅಂಡಮಾನ್‌ಗೆ ಸಾಟಿಯಿಲ್ಲ ಎಂದು ಮೊದಲೇ ಒಪ್ಪಿಬಿಡುತ್ತೇನೆ. 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯಪುರಂ ಎಂದು ಮರುನಾಮಕರಣಗೊಂಡ ಪೋರ್ಟ್ ಬ್ಲೇರ್‌ನಿಂದ ಒಂದೇ ದಿನದಲ್ಲಿ ಹೋಗಿಬರಬಹುದಾದ ಜಾಗಗಳು ಮುಖ್ಯವಾಗಿ ಎರಡು. ಒಂದು ನಾರ್ತ್ ಬೇ. ಹಳೆಯ ಕೆಂಪು ಬಣ್ಣದ 20 ರೂಪಾಯಿ ನೋಟಿನ ಹಿಂಬದಿಯಲ್ಲಿ ತೆಂಗಿನ ಮರಗಳ ನಡುವೆ ಕಾಣುವ ಕಡಲು ಇದೇ. ಊರಿಗೆ ಹತ್ತಿರ, ಆದ್ದರಿಂದ ಜನಜಂಗುಳಿಯೂ ಹೆಚ್ಚು. ಇನ್ನೊಂದು ವಂಡೂರಿನಿಂದ ಹೋಗುವ ಜಾಲಿ ಬಾಯ್. ಇದು ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಅನುಮತಿ ಪತ್ರ ಬೇಕು, ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಹವಳಕ್ಕೆ ವಿಶ್ರಾಂತಿ ಸಿಗಲೆಂದು ವರ್ಷದ ಒಂದು ಭಾಗ ಜಾಲಿ ಬಾಯ್, ಇನ್ನೊಂದು ಭಾಗ ರೆಡ್ ಸ್ಕಿನ್ ದ್ವೀಪ ತೆರೆಯುವ ಪದ್ಧತಿಯಿದೆ. ದಡದ ಹತ್ತಿರವೇ ಹವಳ ಇರುವುದರಿಂದ ಈಜು ಬಾರದವರಿಗೂ ಅನುಕೂಲ. ನೀರಿಗಿಳಿಯದವರಿಗೆ ಗಾಜಿನ ತಳದ ದೋಣಿಯಿದೆ. 2018ರಲ್ಲಿ ಸ್ವರಾಜ್ ದ್ವೀಪ ಎಂದು ಹೆಸರಾದ ಹ್ಯಾವ್ಲಾಕ್‌ನಲ್ಲಿ ಇನ್ನೂ ಚೆಂದ, ಆದರೆ ಅಲ್ಲಿ ಒಂದು ರಾತ್ರಿಯಾದರೂ ಉಳಿಯುವುದು ಲೇಸು.

ಹಾಗಿದ್ದರೆ ಅಂಡಮಾನ್ ಏಕೆ ಬೇಡ? ಹೋಗುವ ದಾರಿಯೇ ಮೊದಲ ಅಡ್ಡಿ. ವಿಶಾಖಪಟ್ಟಣದಿಂದ ಅಲ್ಲಿಗೆ ಪ್ರಯಾಣಿಕರ ಹಡಗು ಬಹುಕಾಲದಿಂದ ಓಡಾಡುತ್ತಿದೆ. ಸುಮಾರು ಎರಡೂವರೆ ದಿನದ ಪಯಣ. ಹಡಗಿನ ದಿನಾಂಕ ನಮ್ಮ ರಜೆ ನೋಡಿಕೊಂಡು ನಿಗದಿಯಾಗುವುದಿಲ್ಲ. ವಿಮಾನದಲ್ಲಿ ಹೋಗುವುದಾದರೆ ತಿಂಗಳುಗಳ ಮೊದಲೇ ಟಿಕೆಟ್ ಮಾಡಿಸಬೇಕು. ನಾಲ್ಕು ಜನರ ಕುಟುಂಬಕ್ಕೆ ಆಗುವ ಖರ್ಚು ನಮ್ಮ ಸಂಘದ ಎಲ್ಲರ ಕೈಗೆಟುಕುವಂಥದ್ದಲ್ಲ. ಬ್ಯಾಂಕು, ಉಕ್ಕಿನ ಕಾರ್ಖಾನೆ, ನೌಕಾಪಡೆಯಲ್ಲಿರುವವರು ಹೋಗಬಹುದು. ಹೋಟೆಲಿನಲ್ಲಿ ದುಡಿಯುವ ನಮ್ಮ ಉಡುಪಿ, ಕುಂದಾಪುರದ ಹುಡುಗರು ಹೋಗಲಾರರು. ರಾಜ್ಯೋತ್ಸವದ ದಿನ ಐನೂರು ಜನರಿಗೆ ಊಟ ಬಡಿಸಿದವರು ಅವರೇ. ಅವರನ್ನು ಬಿಟ್ಟು ಹೋಗುವ ಪ್ರವಾಸವನ್ನು ಸಂಘದ ಪ್ರವಾಸ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ಕಾರಣ ಇನ್ನೂ ಗಂಭೀರ. ಅಷ್ಟು ಹಣ ಕಟ್ಟಿ, ಅಷ್ಟು ದೂರ ಹೋಗಿ, ಇರುವುದೊಂದೇ ದಿನ ಎಂದಾದಾಗ ಸಮುದ್ರ ಒರಟಾಗಿದ್ದರೂ "ಹೋಗಿಯೇ ಬಿಡೋಣ" ಎಂಬ ಒತ್ತಾಯ ಹುಟ್ಟುತ್ತದೆ. 2014ರ ಜನವರಿ 26ರಂದು ಪೋರ್ಟ್ ಬ್ಲೇರ್ ಸಮೀಪ ಪ್ರವಾಸಿ ದೋಣಿ ಮಗುಚಿ 20ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ತಮಿಳುನಾಡಿನಿಂದ ಒಟ್ಟಾಗಿ ಪ್ರವಾಸ ಬಂದಿದ್ದವರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು. ಕುಟುಂಬವಾಗಿ, ಕೈಯಲ್ಲಿ ಐದಾರು ದಿನ ಇಟ್ಟುಕೊಂಡು, ಒಂದು ದಿನ ಕೆಟ್ಟರೆ ಮರುದಿನ ನೋಡೋಣ ಎನ್ನುವ ನೆಮ್ಮದಿಯಿಂದ ಹೋಗುವವರಿಗೆ ಅಂಡಮಾನ್ ಉತ್ತಮ. ಅರವತ್ತು ಜನರ ಸಂಘದ ಒಂದು ದಿನದ ಕಾರ್ಯಕ್ರಮಕ್ಕೆ ಅದು ಹೊಂದುವುದಿಲ್ಲ.

ಲಕ್ಷದ್ವೀಪದ ಬಗ್ಗೆ ಎರಡೇ ಮಾತು. 2024ರ ಜನವರಿಯಲ್ಲಿ ಪ್ರಧಾನಿಯವರು ಅಲ್ಲಿ ಸ್ನಾರ್ಕೆಲಿಂಗ್ ಮಾಡಿದ ಚಿತ್ರ ಬಂದ ಮೇಲೆ ಎಲ್ಲರ ಬಾಯಲ್ಲೂ ಅದೇ ಹೆಸರು. ನಮಗೆ ಅದರೊಂದಿಗೆ ಹಳೆಯ ನಂಟೂ ಇದೆ. ಅಮಿನಿ ದ್ವೀಪಗಳ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿತ್ತು. ಆದರೆ ಪ್ರವೇಶ ಪರವಾನಗಿ ಬೇಕು, ಸಾಮಾನ್ಯವಾಗಿ ಕೊಚ್ಚಿಯವರೆಗೆ ಹೋಗಿ ಅಲ್ಲಿಂದ ಮುಂದುವರಿಯಬೇಕು. ಅದು ಒಂದು ದಿನದ ಮಾತೇ ಅಲ್ಲ. ಮೇಲಾಗಿ ಸಮುದ್ರದ ನೀರು ಅತಿಯಾಗಿ ಕಾದಾಗ ಹವಳ ಬಿಳಿಚಿಕೊಂಡು ಸಾಯುತ್ತದೆ. 1998, 2010, 2016ರಲ್ಲಿ ಅಂಡಮಾನ್, ಲಕ್ಷದ್ವೀಪ ಎರಡೂ ಕಡೆ ಹೀಗಾಯಿತು. 2024ರಲ್ಲಿ ಲಕ್ಷದ್ವೀಪಕ್ಕೆ ಮತ್ತೆ ಈ ಹೊಡೆತ ಬಿತ್ತು. ಹಳೆಯ ಚಿತ್ರಗಳಲ್ಲಿ ಕಂಡ ಬಣ್ಣ ಈಗ ಎಲ್ಲೆಡೆ ಸಿಗುತ್ತದೆಂದು ಯಾರೂ ಭರವಸೆ ಕೊಡಲಾರರು.

ನೇತ್ರಾಣಿ: ಗುಣ, ದೋಷ ಎರಡೂ

ಭಟ್ಕಳ ತಾಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಅರಬ್ಬೀ ಸಮುದ್ರದಲ್ಲಿರುವ ನಿರ್ಜನ ದ್ವೀಪ ನೇತ್ರಾಣಿ. ಮೇಲಿನಿಂದ ನೋಡಿದರೆ ಹೃದಯದ ಆಕಾರ. ಇಂಗ್ಲಿಷರ ಕಾಲದಿಂದ ಪಾರಿವಾಳಗಳ ದ್ವೀಪ ಎಂಬ ಹೆಸರೂ ಇದೆ. ಪುನೀತ್ ರಾಜ್‌ಕುಮಾರ್ ಅವರ "ಗಂಧದ ಗುಡಿ" ಚಿತ್ರ 2022ರ ಅಕ್ಟೋಬರ್‌ನಲ್ಲಿ ತೆರೆ ಕಂಡಾಗ ಅವರು ನೇತ್ರಾಣಿಯ ನೀರಿನೊಳಗೆ ಇಳಿದದ್ದನ್ನು ಇಡೀ ಕನ್ನಡ ನಾಡೇ ನೋಡಿತು. ಆಂಧ್ರದಲ್ಲಿ ಹುಟ್ಟಿ ತೆಲುಗು ಮಾಧ್ಯಮದಲ್ಲೋ ಇಂಗ್ಲಿಷ್ ಮಾಧ್ಯಮದಲ್ಲೋ ಓದುತ್ತಿರುವ ನಮ್ಮ ಮಕ್ಕಳಲ್ಲಿ ಹಲವರಿಗೆ ಕರ್ನಾಟಕದ ಕಡಲ ಪರಿಚಯವಾದದ್ದು ಆ ಚಿತ್ರದಿಂದಲೇ.

ದೋಣಿ ಬೆಳಿಗ್ಗೆ ಮುರುಡೇಶ್ವರದಿಂದ ಹೊರಟು ಒಂದೂವರೆ ಗಂಟೆಯ ಆಸುಪಾಸಿನಲ್ಲಿ ದ್ವೀಪದ ಬಳಿ ಲಂಗರು ಹಾಕುತ್ತದೆ. ಒಂದೆರಡು ಗಂಟೆ ನೀರಿನಲ್ಲಿ ಕಳೆದು ಹಿಂತಿರುಗುವುದು ವಾಡಿಕೆ. ಬಂಡೆಗಳ ಮೇಲೆ ಹವಳ, ಸುತ್ತ ಗಿಳಿಮೀನು, ಚಿಟ್ಟೆಮೀನುಗಳ ಹಿಂಡು, ಅದೃಷ್ಟವಿದ್ದರೆ ಕಡಲಾಮೆ, ಆಕಾಶದಲ್ಲಿ ಬಿಳಿ ಹೊಟ್ಟೆಯ ಕಡಲಹದ್ದು.

ದೋಷಗಳನ್ನೂ ಮುಚ್ಚಿಡಬಾರದು. ಒಂದು, ನೇತ್ರಾಣಿಯಲ್ಲಿ ಇಳಿದು ನಿಲ್ಲಲು ಮರಳ ದಡವಿಲ್ಲ. ದೋಣಿಯಿಂದಲೇ ನೀರಿಗೆ ಇಳಿಯಬೇಕು, ಕಾಲಿಗೆ ನೆಲ ಸಿಗುವುದಿಲ್ಲ. ಜಾಲಿ ಬಾಯ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ ಇದಲ್ಲ. ಎರಡು, ತೆರೆದ ಸಮುದ್ರವಾದ್ದರಿಂದ ಹೋಗುವಾಗ, ಬರುವಾಗ ವಾಂತಿ, ತಲೆಸುತ್ತು ಸಾಮಾನ್ಯ. ಮೂರು, ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವಂತಿಲ್ಲ. ನಾಲ್ಕು, ಈ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ್ದುಂಟು. ಆದ್ದರಿಂದ ಹೋಗುವ ದಿನ ಪ್ರವೇಶ ಇದೆಯೇ ಎಂದು ಮೊದಲೇ ವಿಚಾರಿಸಬೇಕು. ನಮ್ಮಲ್ಲಿ ನೌಕಾಪಡೆಯ ಬಾಂಧವರು ಇರುವುದರಿಂದ ಇದರ ಮಹತ್ವವನ್ನು ಅವರೇ ಉಳಿದವರಿಗೆ ಹೇಳಿಯಾರು.

ಕರ್ನಾಟಕದಲ್ಲೇ ಮಲ್ಪೆಯ ಎದುರಿಗಿರುವ ಸೇಂಟ್ ಮೇರಿಸ್ ದ್ವೀಪವೂ ಇದೆಯಲ್ಲ ಎನ್ನಬಹುದು. ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಲಾವಾರಸ ಗಟ್ಟಿಯಾಗಿ ನಿಂತ ಅಲ್ಲಿನ ಕಲ್ಲಿನ ಕಂಬಗಳನ್ನು ಮಕ್ಕಳಿಗೆ ತೋರಿಸಲೇಬೇಕು. ಆದರೆ ಅದು ಕಲ್ಲು ನೋಡುವ ದ್ವೀಪ, ಹವಳ ನೋಡುವ ದ್ವೀಪವಲ್ಲ.

ದೋಣಿ ಹೊರಡದ ದಿನ

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ನೇತ್ರಾಣಿಗೆ ಹೋಗಬೇಕೆಂದು ಮುರುಡೇಶ್ವರಕ್ಕೆ ಬಂದಿದ್ದೇವೆ, ಬೆಳಿಗ್ಗೆ ಗಾಳಿ ಜೋರಾಗಿದೆ, ದೋಣಿ ಬೇಡ ಎಂದಾಯಿತು ಎನ್ನಿ. ಆಗಲೂ ಕಳೆದುಕೊಳ್ಳುವುದು ಹೆಚ್ಚಿಲ್ಲ. ಮುರುಡೇಶ್ವರನ ದರ್ಶನವಿದೆ, 123 ಅಡಿ ಎತ್ತರದ ಶಿವನ ಮೂರ್ತಿಯಿದೆ, 20 ಅಂತಸ್ತಿನ ರಾಜಗೋಪುರವಿದೆ. ಇಡಗುಂಜಿ ಗಣಪತಿ ಹತ್ತಿರ, ಗೋಕರ್ಣ ದೂರವಿಲ್ಲ, ಹೊನ್ನಾವರದ ಶರಾವತಿ ಹಿನ್ನೀರಿದೆ. ಈಜು ಬಾರದ ಆ ಹಿರಿಯ ಸದಸ್ಯೆ ಚೀಲ ಕಾಯುತ್ತಾ ಕೂರಬೇಕಿಲ್ಲ. ಅವರಿಗೂ ಅವರಂಥ ಇಪ್ಪತ್ತು ಜನರಿಗೂ ಅದೇ ಹೊತ್ತಿನಲ್ಲಿ ಬೇರೆ ಕಾರ್ಯಕ್ರಮ ಇಡಬಹುದು. ಇಷ್ಟು ಇದ್ದಾಗ ದೋಣಿಯನ್ನು ರದ್ದು ಮಾಡುವುದು ಸುಲಭ. ರದ್ದು ಮಾಡುವುದು ಸುಲಭವಾದರೆ ಜೀವ ಉಳಿಯುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2017ರ ನವೆಂಬರ್ 12, ಕಾರ್ತಿಕ ಮಾಸದ ಭಾನುವಾರ. ವಿಜಯವಾಡದ ಸಮೀಪ, ಕೃಷ್ಣಾ ಗೋದಾವರಿ ನೀರು ಕೂಡುವ ಪವಿತ್ರ ಸಂಗಮದ ಬಳಿ ದೋಣಿ ಮಗುಚಿ 20ಕ್ಕೂ ಹೆಚ್ಚು ಜನ ನೀರುಪಾಲಾದರು. ಭವಾನಿ ದ್ವೀಪದ ಕಡೆಯಿಂದ ಸಂಗಮಕ್ಕೆ ಹೊರಟಿದ್ದ ದೋಣಿ ಅದು. ಸತ್ತವರಲ್ಲಿ ಹೆಚ್ಚಿನವರು ಒಂಗೋಲಿನ ವಾಕಿಂಗ್ ಗೆಳೆಯರ ಸಂಘವೊಂದರ ಸದಸ್ಯರು, ಅವರ ಮನೆಯವರು. ಕಾರ್ತಿಕದ ವನಭೋಜನಕ್ಕೆಂದು ಬಂದವರು. ದೋಣಿಗೆ ಅನುಮತಿ ಇರಲಿಲ್ಲ, ಪ್ರಯಾಣಿಕರಿಗೆ ಲೈಫ್ ಜಾಕೆಟ್ ಇರಲಿಲ್ಲ. ಅವರೂ ನಮ್ಮಂತೆಯೇ ಚಂದಾ ಕಟ್ಟಿ, ಬಸ್ಸು ಮಾಡಿ, ಊಟ ಕಟ್ಟಿಸಿಕೊಂಡು ಬಂದಿದ್ದ ಒಂದು ಸಂಘದವರು. ಅಂದು ರಾತ್ರಿ ವಿಜಯವಾಡದ ನಮ್ಮ ಎಷ್ಟೋ ಮನೆಗಳಲ್ಲಿ ಇದೇ ಮಾತು: ನಾವೂ ಇಂಥದೇ ದೋಣಿ ಹತ್ತಿದ್ದೆವಲ್ಲ.

ಎರಡು ವರ್ಷ ಕಳೆಯುವುದರೊಳಗೆ, 2019ರ ಸೆಪ್ಟೆಂಬರ್ 15ರಂದು, ಪಾಪಿಕೊಂಡಲು ನೋಡಲು ಹೊರಟ ದೋಣಿ ಕಚ್ಚುಲೂರು ಬಳಿ ಗೋದಾವರಿಯಲ್ಲಿ ಮುಳುಗಿ ಸುಮಾರು 50 ಮಂದಿ ಸತ್ತರು. ನದಿ ತುಂಬಿ ಹರಿಯುತ್ತಿತ್ತು. ಮುಳುಗಿದ ದೋಣಿಯನ್ನು ಮೇಲೆತ್ತಲು ಐದು ವಾರ ಹಿಡಿಯಿತು. ಅದೂ ಭಾನುವಾರವೇ.

ಮುರುಡೇಶ್ವರವನ್ನು ಹೊಗಳಿದ ಬಾಯಲ್ಲೇ ಅಲ್ಲಿನ ಕಹಿಯನ್ನೂ ಹೇಳಬೇಕು. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲ್ಲಿನ ಕಡಲಲ್ಲಿ ಮುಳುಗಿ ಸತ್ತರು. ಆಮೇಲೆ ಕೆಲಕಾಲ ಕಡಲತೀರವನ್ನೇ ಮುಚ್ಚಲಾಯಿತು. ಅವರು ದೋಣಿ ಹತ್ತಿರಲಿಲ್ಲ, ದಡದಲ್ಲಿ ನೀರಿಗಿಳಿದವರು. ನೇತ್ರಾಣಿಗೆ ಹೋದವರ ಮೇಲೆ ಹತ್ತು ಕಣ್ಣು ಇರುತ್ತವೆ. ದಡದಲ್ಲಿ ಉಳಿದ ಮಕ್ಕಳ ಮೇಲೆ ಒಂದೂ ಇರುವುದಿಲ್ಲ. ಗಂಡಾಂತರ ಅಲ್ಲಿಯೇ ಕಾದಿರುತ್ತದೆ.

ನನ್ನದೊಂದು ತಪ್ಪೊಪ್ಪಿಗೆಯನ್ನೂ ಇಲ್ಲಿ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ನದಿ ವಿಹಾರದ ಹೊಣೆ ನನ್ನ ಮೇಲಿತ್ತು. ನಲವತ್ತು ಜನ ದೋಣಿ ಹತ್ತಿದ ಮೇಲೆ ಎಣಿಸಿದರೆ ಇದ್ದ ಜಾಕೆಟ್‌ಗಳು ಇಪ್ಪತ್ತೈದು. ಅವುಗಳಲ್ಲೂ ಕೆಲವಕ್ಕೆ ಕಟ್ಟುವ ಪಟ್ಟಿಯೇ ಇರಲಿಲ್ಲ. ಮಕ್ಕಳಿಗೆ, ಹೆಂಗಸರಿಗೆ ಹಂಚಿ ಉಳಿದವರು ಹಾಗೆಯೇ ಕುಳಿತೆವು. ಎಲ್ಲರನ್ನೂ ಕೆಳಗಿಳಿಸಬೇಕೆಂದು ನನ್ನ ಮನಸ್ಸು ಹೇಳುತ್ತಲೇ ಇತ್ತು. ಆದರೆ ಹಣ ಕೊಟ್ಟಾಗಿತ್ತು, ಊಟದ ಹೊತ್ತಾಗಿತ್ತು, ಅಂತ್ಯಾಕ್ಷರಿ ಶುರುವಾಗಿತ್ತು. "ಇವರೊಬ್ಬರು ಎಲ್ಲದಕ್ಕೂ ಅಡ್ಡಿ" ಎನ್ನುತ್ತಾರೆಂಬ ಅಳುಕಿಗೆ ಬಾಯಿ ಮುಚ್ಚಿಕೊಂಡೆ. ಅಂದು ಏನೂ ಆಗಲಿಲ್ಲ. ಸಂಜೆ ಎಲ್ಲರೂ ವ್ಯವಸ್ಥೆ ಚೆನ್ನಾಗಿತ್ತೆಂದು ಕೈ ಕುಲುಕಿದರು. 2017ರ ಆ ಭಾನುವಾರದ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಕೈ ಕುಲುಕಾಟವೇ.

ನನ್ನ ಸಲಹೆಗಳು

ಈ ಹಿನ್ನೆಲೆಯಲ್ಲಿ ಎರಡೂ ಊರಿನ ಕಾರ್ಯಕಾರಿ ಸಮಿತಿಗಳ ಮುಂದೆ ಕೆಲವು ಸಲಹೆಗಳನ್ನು ಇಡುತ್ತಿದ್ದೇನೆ.

ಮೊದಲನೆಯದು, ಜಾಗ. ಜಂಟಿ ಪ್ರವಾಸಕ್ಕೆ ಮುರುಡೇಶ್ವರ, ನೇತ್ರಾಣಿಯನ್ನು ಆರಿಸೋಣ. ವಿಜಯವಾಡದಿಂದ ಅಮರಾವತಿ ಎಕ್ಸ್‌ಪ್ರೆಸ್ ಗುಂಟೂರು, ಗುಂತಕಲ್, ಬಳ್ಳಾರಿ, ಹೊಸಪೇಟೆ, ಗದಗ ಹಾದು ಹುಬ್ಬಳ್ಳಿಗೆ ಹೋಗುತ್ತದೆ. ವಿಶಾಖಪಟ್ಟಣದವರು ವಿಜಯವಾಡಕ್ಕೆ ಬಂದು ಕೂಡಿಕೊಳ್ಳಬಹುದು. ಹುಬ್ಬಳ್ಳಿಯಿಂದ ಬಸ್ಸು ಮಾಡಿಕೊಂಡು ಘಟ್ಟ ಇಳಿದರೆ ಕರಾವಳಿ. ಬಳ್ಳಾರಿ ದಾಟಿದ ಮೇಲೆ ಸ್ಟೇಷನ್ನುಗಳಲ್ಲಿ ಕನ್ನಡ ಫಲಕ ಓದುತ್ತಾ ಹೋಗುವುದೇ ನಮ್ಮ ಮಕ್ಕಳಿಗೆ ಒಂದು ಪಾಠ.

ಎರಡನೆಯದು, ಕಾಲ. ಆಂಧ್ರದ ಶಾಲೆಗಳಿಗೆ ಸಂಕ್ರಾಂತಿಗೆ ದೀರ್ಘ ರಜೆ ಇರುತ್ತದೆ. ಜನವರಿಯಲ್ಲಿ ಅರಬ್ಬೀ ಸಮುದ್ರ ಸಾಮಾನ್ಯವಾಗಿ ಶಾಂತ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಭಯ. 2014ರ ಅಕ್ಟೋಬರ್ 12ರ ಹುಡ್‌ಹುಡ್ ಅನ್ನು ವಿಶಾಖಪಟ್ಟಣದವರು ಮರೆತಿಲ್ಲ. ಆದ್ದರಿಂದ ಸಂಕ್ರಾಂತಿಯ ರಜೆ ಎಲ್ಲ ರೀತಿಯಲ್ಲೂ ಸೂಕ್ತ. ಮುರುಡೇಶ್ವರದಲ್ಲಿ ಎರಡು ಹಗಲು ಇಟ್ಟುಕೊಳ್ಳೋಣ. ಒಂದು ದಿನ ಕೆಟ್ಟರೆ ಇನ್ನೊಂದು ದಿನ ಕೈಯಲ್ಲಿರುತ್ತದೆ.

ಮೂರನೆಯದು, ಅತಿ ಮುಖ್ಯವಾದುದು. ದೋಣಿ ಬೇಡ ಎನ್ನುವ ಅಧಿಕಾರ ಯಾರದೆಂದು ಹೊರಡುವ ಮೊದಲೇ ಸಭೆಯಲ್ಲಿ ತೀರ್ಮಾನಿಸಿ ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಅಧ್ಯಕ್ಷರಾಗಲಿ, ಚಂದಾ ಹೆಚ್ಚು ಕೊಟ್ಟವರಾಗಲಿ ಆ ಮಾತನ್ನು ಮೀರುವಂತಿರಬಾರದು. ಆ ಜವಾಬ್ದಾರಿಯನ್ನು ನಮ್ಮ ನೌಕಾಪಡೆಯ ನಿವೃತ್ತ ಬಾಂಧವರೊಬ್ಬರು ಹೊತ್ತರೆ ಒಳ್ಳೆಯದು. ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರ, ಅಂದರೆ ಇನ್‌ಕಾಯ್ಸ್, ಅಲೆಗಳ ಎತ್ತರದ ಮುನ್ಸೂಚನೆ ಕೊಡುತ್ತದೆ. ಅದನ್ನು ಹಿಂದಿನ ದಿನವೇ ನೋಡಬೇಕು. ದೋಣಿ ರದ್ದಾದರೆ ಹಣ ಎಷ್ಟು ವಾಪಸು ಎಂಬುದನ್ನು ಮುಂಗಡ ಕೊಡುವಾಗಲೇ ಬರಹದಲ್ಲಿ ಪಡೆಯಬೇಕು. ನಷ್ಟವಾದರೆ ಸಂಘದ ನಿಧಿ ಭರಿಸಲಿ, ಆಗ ಯಾರೂ ಹಣದ ಮುಖ ನೋಡಿ ದೋಣಿ ಹತ್ತುವುದಿಲ್ಲ.

ನಾಲ್ಕನೆಯದು, ದೋಣಿ ಹತ್ತುವ ಮುನ್ನಿನ ಲೆಕ್ಕ. ತಲೆಗೊಂದು ಜಾಕೆಟ್, ಪಟ್ಟಿ ಕಟ್ಟಿದ ಮೇಲೆಯೇ ದೋಣಿ ಬಿಡುವುದು. ದೋಣಿಯ ಪರವಾನಗಿ, ಎಷ್ಟು ಜನರ ಮಿತಿ ಎಂಬುದನ್ನು ಕಣ್ಣಾರೆ ನೋಡುವುದು. ಹೃದಯದ ತೊಂದರೆ, ಆಸ್ತಮಾ, ಮೂರ್ಛೆ ರೋಗ ಇರುವವರು ವೈದ್ಯರನ್ನು ಕೇಳದೆ ನೀರಿಗಿಳಿಯಬಾರದು. ಕುಡಿದವರಿಗೆ ದೋಣಿಯಲ್ಲಿ ಜಾಗವಿಲ್ಲ. ಹಿಂದಿನ ರಾತ್ರಿ ಕುಡಿದವರಿಗೂ ಇದು ಅನ್ವಯ. ಬೆಳಿಗ್ಗೆ ಹೊಟ್ಟೆ ಬಿರಿಯುವಂತೆ ತಿನ್ನದೆ ಎರಡು ಇಡ್ಲಿಯಲ್ಲಿ ಮುಗಿಸಿದರೆ ವಾಂತಿಯ ಕಾಟ ಕಡಿಮೆ. ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುತ್ತದೆಯೇ ಎಂದು ದಡದಲ್ಲೇ ನೋಡಿಕೊಳ್ಳಬೇಕು. ಮೀಸೆ ದಪ್ಪವಿದ್ದವರಿಗೆ ನೀರು ಒಳನುಗ್ಗುವುದು ಹೆಚ್ಚು. ನೀರಿನಲ್ಲಿ ಇಬ್ಬಿಬ್ಬರು ಜೋಡಿಯಾಗಿರಬೇಕು. ಹವಳವನ್ನು ಮುಟ್ಟಬಾರದು, ತುಳಿಯಬಾರದು. ಅದು ಕಲ್ಲಿನಂತೆ ಕಂಡರೂ ಜೀವವಿರುವ ವಸ್ತು. ಬೆರಳಷ್ಟು ಬೆಳೆಯಲು ವರ್ಷಗಳೇ ಬೇಕು.

ಐದನೆಯದು, ದಡದಲ್ಲಿ ಉಳಿಯುವವರು. ಮಕ್ಕಳನ್ನು ನೋಡಿಕೊಳ್ಳಲು ಹೆಸರು ಹಿಡಿದು ಜನರನ್ನು ನೇಮಿಸಬೇಕು. "ಎಲ್ಲರೂ ನೋಡಿಕೊಳ್ಳುತ್ತಾರೆ" ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ ಎಂದೇ ಅರ್ಥ.

ಕೊನೆಯದಾಗಿ, ವಿಜಯವಾಡದ ಹಿರಿಯರ ಮಾತು. ರಜೆ ಸಿಗದವರು, ದೂರ ಪ್ರಯಾಣ ಆಗದವರು, ಹೋಟೆಲಿನ ಹುಡುಗರು ಇವರಿಗೆಲ್ಲ ಒಂದು ಭಾನುವಾರ ಭವಾನಿ ದ್ವೀಪದಲ್ಲಿ ಸ್ನೇಹಕೂಟ ಏರ್ಪಡಿಸೋಣ. ಅಲ್ಲಿಗೂ ಅದೇ ನಿಯಮ: ಅನುಮತಿ ಇರುವ ದೋಣಿ, ತಲೆಗೊಂದು ಜಾಕೆಟ್. 2024ರ ಸೆಪ್ಟೆಂಬರ್‌ನ ಪ್ರವಾಹದಲ್ಲಿ ಪ್ರಕಾಶಂ ಬ್ಯಾರೇಜ್‌ನಿಂದ 11 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಹರಿದದ್ದನ್ನು ನೋಡಿದ ವಿಜಯವಾಡದವರಿಗೆ ಕೃಷ್ಣೆಯ ಮುಂದೆ ಉಡಾಫೆ ಸಲ್ಲದೆಂದು ನಾನು ಹೇಳಬೇಕಿಲ್ಲ. ಮಳೆಗಾಲ ಕಳೆದು ನೀರು ಇಳಿದ ಮೇಲೆ ಹೋದರಾಯಿತು. ಅಲ್ಲಿಯೂ ಗಾಳಿ ಎದ್ದರೆ ಘಾಟಿನಲ್ಲೇ ಎಲೆ ಹಾಸಿ ಉಂಡರೂ ಸ್ನೇಹಕೂಟ ಸ್ನೇಹಕೂಟವೇ.

ಇಷ್ಟೆಲ್ಲ ನಿಯಮ ಹೇಳಿ ಯುವಕರ ಹುಮ್ಮಸ್ಸಿಗೆ ತಣ್ಣೀರೆರಚುತ್ತಿದ್ದೇನೆಂದು ಕೆಲವರು ಮುನಿಸಿಕೊಳ್ಳಬಹುದು. ನಿಜ ಹೇಳಬೇಕೆಂದರೆ ಸ್ನಾರ್ಕೆಲಿಂಗ್ ಬೇಕೆಂದು ಕೇಳಿದ ಯುವಕರಿಗೆ ನಾನು ಕೃತಜ್ಞ. ಹಾಡು, ಭಾಷಣ, ಸನ್ಮಾನಗಳಾಚೆ ಸಂಘದಲ್ಲಿ ಏನಾದರೂ ಹೊಸದು ಆಗಲಿ ಎಂದು ಅವರು ಬಯಸಿದ್ದಾರೆ. ಅವರನ್ನು ಕರೆದುಕೊಂಡು ಹೋಗುವುದು, ಎಣಿಸಿ ಕರೆದುಕೊಂಡು ಬರುವುದು ಎರಡೂ ಹಿರಿಯರ ಕೆಲಸ.

ಮುಂದಿನ ಸಭೆಯಲ್ಲಿ ಸದಸ್ಯ ಬಾಂಧವರು ತಮ್ಮ ಅಭಿಪ್ರಾಯವನ್ನು ಮುಕ್ತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಅಂಡಮಾನ್ ಬೇಕೆನ್ನುವವರೂ ಬರಲಿ, ಭವಾನಿ ಸಾಕೆನ್ನುವವರೂ ಬರಲಿ. ಆದರೆ ಜಾಗದ ಮೇಲೆ ಕೈ ಎತ್ತುವ ಮೊದಲು ಒಂದು ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸೋಣ: ಬೆಳಿಗ್ಗೆ ದಡದಲ್ಲಿ ನಿಂತು ಒಬ್ಬರು "ಇವತ್ತು ಬೇಡ" ಎಂದರೆ, ಉಳಿದವರು ಮರುಮಾತಾಡದೆ ಚಪ್ಪಲಿ ಮೆಟ್ಟಿಕೊಂಡು ದೇವಸ್ಥಾನದ ಕಡೆ ಹೊರಡುವುದು.